ದಾವಣಗೆರೆ ಸೀಮೆಯ ಊರಲೆಕ್ಕ: ಕಡತದಿಂದ ಡ್ಯಾಶ್‌ಬೋರ್ಡ್‌ವರೆಗೆ

ಊರಿನ ಬೆಳೆ, ಕಂದಾಯ, ಬಾಕಿಗಳನ್ನು ಒಟ್ಟುಗೂಡಿಸಿ ಸರ್ಕಾರದ ಮುಂದಿಡುವ ಕೆಲಸ ದಾವಣಗೆರೆ–ಹರಿಹರ ಸೀಮೆಯಲ್ಲಿ ಬಹುಕಾಲ ಶಾನುಭೋಗರ ಕೈಯಲ್ಲಿತ್ತು. ಲೋಕಿಕೆರೆಯಂಥ ಹಳ್ಳಿಗಳಲ್ಲಿ ವಸೂಲಿ ಪಟೇಲನದು, ಬರವಣಿಗೆ ಶಾನುಭೋಗನದು. ಎರಡೂ ವಂಶಪಾರಂಪರ್ಯವಾಗಿ ಬಂದ ಹುದ್ದೆಗಳು. ಕಾಗದ ಸುಲಭವಾಗಿ ಸಿಗದ ಕಾಲದಲ್ಲಿ ಲೆಕ್ಕವೆಲ್ಲ ಕಡತದಲ್ಲಿರುತ್ತಿತ್ತು. ಹುಣಸೆಬೀಜದ ಸರಿಗೆ ಇದ್ದಿಲ ಪುಡಿ ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದರೆ ಕಡತ ಸಿದ್ಧ. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. 1810ರಲ್ಲಿ ಪ್ರಕಟವಾದ ತನ್ನ ಇತಿಹಾಸ ಗ್ರಂಥದಲ್ಲಿ ಬ್ರಿಟಿಷ್ ಅಧಿಕಾರಿ ಮಾರ್ಕ್ ವಿಲ್ಕ್ಸ್ ಇದನ್ನು ವರ್ಣಿಸಿದ್ದಾನೆ. ಕಡತದ ಅಕ್ಷರವನ್ನು ಒರೆಸಿ ಮತ್ತೆ ಬರೆಯಬಹುದಿತ್ತು. ಹಾಗೆ ಒರೆಸಿ ಬರೆದಲ್ಲಿ ಬಟ್ಟೆ ಉಳಿಯಿತು, ಹಿಂದಿನ ಲೆಕ್ಕ ಉಳಿಯಲಿಲ್ಲ. ಇವತ್ತಿನ ಬಾಕಿ ಕಾಣುತ್ತದೆ, ಹೋದ ವರ್ಷ ಅದು ಎಷ್ಟಿತ್ತೆಂಬುದು ಅಳಿದುಹೋಗಿರುತ್ತದೆ. ಹಳೆಯ ಸಾಲಿನ ಮೇಲೆಯೇ ಹೊಸ ಅಂಕಿ ಬರೆಯುವ ಕಂಪ್ಯೂಟರ್ ಕೋಷ್ಟಕಕ್ಕೂ ಇದೇ ದೋಷ ತಪ್ಪಿದ್ದಲ್ಲ.

1863ರಲ್ಲಿ ಮೈಸೂರು ಸೀಮೆಯಲ್ಲಿ ಮುಂಬಯಿ ಮಾದರಿಯ ಕಂದಾಯ ಸರ್ವೆ ಆರಂಭವಾದ ಮೇಲೆ ಲೆಕ್ಕಕ್ಕೊಂದು ಭದ್ರವಾದ ತಳಪಾಯ ಸಿಕ್ಕಿತು. ಪ್ರತಿ ಹೊಲಕ್ಕೂ ಸರ್ವೆ ನಂಬರು ಬಂತು. ಹೊಲ ಪಾಲಾದರೆ ಅದಕ್ಕೆ ಹಿಸ್ಸಾ ನಂಬರು. ಮಾಲೀಕ ಬದಲಾಗಬಹುದು, ಬೆಳೆ ಬದಲಾಗಬಹುದು, ನಂಬರು ಬದಲಾಗದು. ಊರಿನ ಎಲ್ಲ ಪುಸ್ತಕಗಳನ್ನೂ ಒಂದಕ್ಕೊಂದು ಹೆಣೆದದ್ದು ಈ ನಂಬರೇ. ಖಿರ್ದಿಯಲ್ಲಿ ದಿನದಿನದ ವಸೂಲಿ, ಖಾತೆ ಪುಸ್ತಕದಲ್ಲಿ ಹಿಡುವಳಿದಾರನ ಹೆಸರು, ಖೇತವಾರಿನಲ್ಲಿ ಹೊಲದ ವಿಸ್ತೀರ್ಣ ಮತ್ತು ಆಕಾರ, ಅಂದರೆ ಅದಕ್ಕೆ ಗೊತ್ತುಮಾಡಿದ ಕಂದಾಯ. ಹೊಲಕ್ಕೇ ಹೋಗಿ ಕಣ್ಣಾರೆ ಕಂಡು ಬರೆದ ಬೆಳೆಯ ವಿವರ ಪಹಣಿಯಲ್ಲಿ. ಕಂಪ್ಯೂಟರಿನಲ್ಲಿ ಮಾಹಿತಿ ಇಡುವಾಗಲೂ ಹೀಗೆಯೇ ನಡೆದ ವ್ಯವಹಾರಗಳನ್ನು ಒಂದು ಕೋಷ್ಟಕದಲ್ಲೂ ಯಾರು, ಎಲ್ಲಿ, ಯಾವಾಗ ಎಂಬ ವಿವರಗಳನ್ನು ಬೇರೆ ಕೋಷ್ಟಕಗಳಲ್ಲೂ ಇಟ್ಟು ಜೋಡಿಸಬೇಕೆಂಬ ವಿಧಾನವನ್ನು ರಾಲ್ಫ್ ಕಿಂಬಲ್ 1996ರ ತಮ್ಮ ಪುಸ್ತಕದಲ್ಲಿ ವಿವರಿಸಿದರು. ಪವರ್ ಬಿಐನಂಥ ತಂತ್ರಾಂಶಗಳಲ್ಲಿ ವರದಿ ಕಟ್ಟುವವರು ಇಂದು ಮೊದಲು ಕಲಿಯುವುದು ಅದನ್ನೇ. ಮೈಸೂರು ಸೀಮೆಯ ಶಾನುಭೋಗರು ಅದಕ್ಕೆ ಬಹಳ ಹಿಂದೆಯೇ ಬೇರೆ ಬೇರೆ ಪುಸ್ತಕಗಳನ್ನಿಟ್ಟು ಹೆಚ್ಚುಕಡಿಮೆ ಅದೇ ರೀತಿಯಲ್ಲಿ ಲೆಕ್ಕ ನಡೆಸುತ್ತಿದ್ದರೆಂಬುದು ಗೌರವದಿಂದ ನೆನೆಯಬೇಕಾದ ಸಂಗತಿ.

ಊರಿನ ಪುಸ್ತಕಗಳಿಂದ ತೆಗೆದ ಸಾರಾಂಶವೇ ಗೋಷ್ವಾರ. ಅದು ಹೋಬಳಿಯ ಶೇಕದಾರನಿಗೆ, ಅಲ್ಲಿಂದ ತಾಲ್ಲೂಕಿನ ಅಮಲ್ದಾರನಿಗೆ, ಕೊನೆಗೆ ಜಿಲ್ಲೆಗೆ ಹೋಗುತ್ತಿತ್ತು. ಅದರಲ್ಲಿ ಮುಖ್ಯವಾದುವು ಮೂರೇ ಅಂಕಿ: ಬೇಡಿಕೆ, ವಸೂಲಿ, ಬಾಕಿ. ಕಂದಾಯ ಕಚೇರಿಯಲ್ಲೂ ಗ್ರಾಮ ಪಂಚಾಯಿತಿಯಲ್ಲೂ ಇವತ್ತಿಗೂ ಡಿಸಿಬಿ ಎಂದು ಕರೆಯುವ ಈ ಪಟ್ಟಿಯಷ್ಟು ಚೊಕ್ಕವಾದ ವರದಿ ಅಪರೂಪ. ಎಷ್ಟು ಬರಬೇಕಿತ್ತು ಎಂಬುದರ ಪಕ್ಕದಲ್ಲೇ ಎಷ್ಟು ಬಂತು ಎಂಬುದಿರುತ್ತದೆ. ಬಂದ ಹಣವನ್ನಷ್ಟೇ ತೋರಿಸಿ ಮೆರೆಯಲು ಅಲ್ಲಿ ಆಸ್ಪದವಿಲ್ಲ. ವರ್ಷಕ್ಕೊಮ್ಮೆ ಜಮಾಬಂದಿಯಲ್ಲಿ ಮೇಲಧಿಕಾರಿ ಊರಿನ ಲೆಕ್ಕವನ್ನು ಮೂಲ ಪುಸ್ತಕಗಳೊಂದಿಗೆ ತಾಳೆ ನೋಡುತ್ತಿದ್ದ. ಒಟ್ಟು ಮೊತ್ತದಲ್ಲಿ ಸಂಶಯ ಬಂದರೆ ಜಿಲ್ಲೆಯಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಊರಿಗೆ, ಊರಿನಿಂದ ಸರ್ವೆ ನಂಬರಿಗೆ ಇಳಿಯುವ ದಾರಿ ತೆರೆದಿತ್ತು.

1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆ 1963ರ ಫೆಬ್ರುವರಿ 1ರಿಂದ ಜಾರಿಗೆ ಬಂದು ವಂಶಪಾರಂಪರ್ಯದ ಶಾನುಭೋಗಿಕೆ ಮುಗಿಯಿತು. ಲೆಕ್ಕ ಸಂಬಳದ ಗ್ರಾಮ ಲೆಕ್ಕಿಗರಿಗೆ ಬಂತು. ಹಕ್ಕು, ಗೇಣಿ, ಬೆಳೆ ಮೂರನ್ನೂ ಒಂದೇ ಹಾಳೆಯಲ್ಲಿ ತೋರಿಸುವ ಪಹಣಿ ಈ ಕಾಲದಲ್ಲಿ ರೈತರ ಬದುಕಿಗೆ ಅನಿವಾರ್ಯವಾಯಿತು. ಹೆಸರು 9ನೇ ಕಾಲಂನಲ್ಲಿ, ಸಾಲ ಮತ್ತಿತರ ಋಣ 11ರಲ್ಲಿ, ಸಾಗುವಳಿ ಮತ್ತು ಬೆಳೆ 12ರಲ್ಲಿ ಎಂಬುದು ಶಾಲೆಗೆ ಹೋಗದ ರೈತರಿಗೂ ಬಾಯಿಪಾಠ.

ಪಹಣಿಯನ್ನು ಕಂಪ್ಯೂಟರಿಗೆ ಏರಿಸುವ ಮೊದಲ ಪ್ರಯತ್ನ 1991ರಲ್ಲಿ ಗುಲ್ಬರ್ಗಾದಲ್ಲಿ ನಡೆಯಿತು. 1996ರ ಹೊತ್ತಿಗೆ ರಾಜ್ಯದ ಎಲ್ಲ ಜಿಲ್ಲೆಗಳಿಗೂ ಮಂಜೂರಾತಿ ಸಿಕ್ಕಿತ್ತಾದರೂ ಫಲ ಬರಲಿಲ್ಲ. ತಾಲ್ಲೂಕು ಕಚೇರಿಯಲ್ಲಿ ಕಂಪ್ಯೂಟರ್ ಇಡುವ ಏರ್ಪಾಡೇ ಇರಲಿಲ್ಲ. ಒಮ್ಮೆ ತುಂಬಿದ ಮಾಹಿತಿಯನ್ನು ಬದಲಾವಣೆ ಆದಂತೆಲ್ಲ ತಿದ್ದುವವರು ಯಾರು? ಪಹಣಿಗಳನ್ನು ಕಂಪ್ಯೂಟರಿಗೇರಿಸಲು ಸರ್ಕಾರ ಆಮೇಲೆ ತಂದ ಭೂಮಿ ಯೋಜನೆ ಗೆದ್ದದ್ದು ಈ ಪ್ರಶ್ನೆಗೆ ಉತ್ತರ ಕಂಡುಕೊಂಡಿದ್ದರಿಂದ. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ತುಂಬಿ, ತಾಲ್ಲೂಕು ಕಚೇರಿಯ ಕಿಂಡಿಯಲ್ಲಿ 15 ರೂಪಾಯಿಗೆ ಮುದ್ರಿತ ಪ್ರತಿ ಕೊಟ್ಟರು. ಕೈಬರಹದ ಪಹಣಿಗೆ ಮಾನ್ಯತೆ ತೆಗೆದುಹಾಕಿದ್ದರಿಂದ ಒಂದೇ ಜಮೀನಿಗೆ ಎರಡು ದಾಖಲೆ ಉಳಿಯಲಿಲ್ಲ. ಖಾತೆ ಬದಲಾವಣೆಯ ಅರ್ಜಿಗಳು ಸರದಿಯಂತೆಯೇ ವಿಲೇವಾರಿ ಆಗಬೇಕೆಂದಾಯಿತು, ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಹೋಗಬೇಕಾಯಿತು. ಯಾವ ನಮೂದು ಯಾರದೆಂಬುದು ಉಳಿದದ್ದು ಆಗಲೇ.

ಇಷ್ಟಾದರೂ ದಾವಣಗೆರೆಯ ಅಂಕಿಗಳಿಂದ ವರದಿ ಕಟ್ಟುವವರಿಗೆ ಜಿಲ್ಲೆಯ ಗಡಿಯೇ ದೊಡ್ಡ ತೊಡಕು. 1997ರ ಆಗಸ್ಟ್ 15ರಂದು ಜಿಲ್ಲೆ ರಚನೆಯಾದಾಗ ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗದಿಂದ ಬಂದವು, ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ, ಹರಪನಹಳ್ಳಿ ಬಳ್ಳಾರಿಯಿಂದ. 2018ರಲ್ಲಿ ಹರಪನಹಳ್ಳಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಹೊನ್ನಾಳಿಯಿಂದ ನ್ಯಾಮತಿ ಬೇರೆ ತಾಲ್ಲೂಕಾಯಿತು. ಜಿಲ್ಲೆಯ ಹೆಸರಿನಲ್ಲಷ್ಟೇ ಅಂಕಿ ಕೂಡಿಸಿ ಗೆರೆ ಎಳೆದರೆ 2018ರ ನಂತರ ಮೆಕ್ಕೆಜೋಳದ ವಿಸ್ತೀರ್ಣ ಕುಸಿದಂತೆ ಕಾಣುತ್ತದೆ. ಹೊಲದಲ್ಲಿ ಏನೂ ಆಗಿರುವುದಿಲ್ಲ, ಒಂದು ತಾಲ್ಲೂಕು ಹೋಗಿರುತ್ತದೆ. ಇದಕ್ಕೆ ಪರಿಹಾರ ಅಂಕಿಗಳನ್ನು ಊರಿನ ಮಟ್ಟದಲ್ಲೇ ಇಟ್ಟುಕೊಳ್ಳುವುದು. ಪ್ರತಿ ಊರು ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಯಾವ ತಾಲ್ಲೂಕು, ಯಾವ ಜಿಲ್ಲೆಯಲ್ಲಿತ್ತು ಎಂದು ಬೇರೆ ಕೋಷ್ಟಕದಲ್ಲಿ ಬರೆದಿಟ್ಟರೆ ಹಳೆಯ ಗಡಿಗೂ ಹೊಸ ಗಡಿಗೂ ಮೊತ್ತ ತೆಗೆಯಬಹುದು.

ಎರಡನೆಯ ತೊಡಕು ಅಳತೆಯದು. ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ. ಪಹಣಿಯಲ್ಲಿ 1-20 ಎಂದಿದ್ದರೆ ಅದು ಒಂದೂವರೆ ಎಕರೆ. ತಂತ್ರಾಂಶ ಅದನ್ನು 1.20 ಎಂದು ಓದಿಕೊಂಡರೆ 12 ಗುಂಟೆ ಕಾಣೆಯಾಗುತ್ತದೆ. ಕೃಷಿ ಇಲಾಖೆಯ ಅಂಕಿಗಳು ಹೆಕ್ಟೇರಿನಲ್ಲಿರುತ್ತವೆ, ಹೆಕ್ಟೇರಿಗೆ ಸುಮಾರು 2.47 ಎಕರೆ. ಮಾಹಿತಿ ಒಳಬರುವಾಗಲೇ ಎಲ್ಲವನ್ನೂ ಗುಂಟೆಗೆ ಇಳಿಸಿ, ತೋರಿಸುವಾಗ ಮಾತ್ರ ಎಕರೆ ಅಥವಾ ಹೆಕ್ಟೇರಿಗೆ ಏರಿಸುವುದು ಸುರಕ್ಷಿತ.

2020ರ ಮುಂಗಾರಿನಲ್ಲಿ ರೈತರೇ ಹೊಲದಲ್ಲಿ ನಿಂತು ಫೋಟೊ ಸಮೇತ ಬೆಳೆ ದಾಖಲಿಸುವ ಮೊಬೈಲ್ ಆ್ಯಪ್ ಬಂದ ಮೇಲೆ ಪಹಣಿಯ ಹಳೆಯ ಕೆಲಸದಲ್ಲಿ ರೈತರಿಗೂ ಪಾಲು ಸಿಕ್ಕಿದೆ. ಬೆಳೆ ಪರಿಹಾರ, ವಿಮೆ, ಬೆಂಬಲ ಬೆಲೆ ಖರೀದಿ ಇವೆಲ್ಲ ಆ ಒಂದು ನಮೂದನ್ನು ನೆಚ್ಚಿವೆ. ಆದ್ದರಿಂದ ಜಿಲ್ಲಾ ಕಚೇರಿಗಾಗಿ ಡ್ಯಾಶ್‌ಬೋರ್ಡ್ ಕಟ್ಟುವವರು ಬಣ್ಣ, ಚಿತ್ರಗಳಿಗೆ ಕೈಹಾಕುವ ಮೊದಲು ಎರಡು ಕೆಲಸ ಮಾಡಲಿ: ಅಂಕಿ ಯಾವ ದಿನಾಂಕದ್ದೆಂದು ತಲೆಬರಹದಲ್ಲೇ ಬರೆಯಲಿ, ಮೊತ್ತದ ಮೇಲೆ ಒತ್ತಿದರೆ ಲೋಕಿಕೆರೆಯ ಸರ್ವೆ ನಂಬರಿನವರೆಗೂ ಇಳಿಯುವ ದಾರಿ ಇಡಲಿ.