ಸಭಾಂಗಣದೊಳಗೆ ಕಟ್ಟಿದ ಡೇರೆಗಳು

ನಿವೃತ್ತನಾದ ಮೇಲೆ ನನಗೊಂದು ಸಂಗತಿ ದಿನೇ ದಿನೇ ಸ್ಪಷ್ಟವಾಗತೊಡಗಿದೆ. ಸಂತೆಯಲ್ಲಿಯೋ ಮದುವೆಯ ಮನೆಯಲ್ಲಿಯೋ ಹಳೆಯ ವಿದ್ಯಾರ್ಥಿಗಳು ಎದುರಾದಾಗ, ನಾನು ಬೆವರು ಸುರಿಸಿ ಕಲಿಸಿದ ಭಿನ್ನರಾಶಿಯನ್ನಾಗಲಿ ಸಂಧಿಗಳನ್ನಾಗಲಿ ಅವರಾರೂ ನೆನೆಯುವುದಿಲ್ಲ. "ಮೇಷ್ಟ್ರೇ, ಹೊಳೆಯ ದಂಡೆಗೆ ಕರೆದುಕೊಂಡು ಹೋಗಿ ಮೊಸರವಲಕ್ಕಿ ಕಲಸಿ ಕೊಟ್ಟಿದ್ದಿರಲ್ಲ, ಆ ದಿನ ಮರೆತೇ ಇಲ್ಲ" ಎನ್ನುತ್ತಾರೆ. ಮೊದಮೊದಲು ಇದರಿಂದ ನನಗೆ ತುಸು ನಿರಾಸೆಯೇ ಆಗುತ್ತಿತ್ತು. ಈಗ ಹಾಗೆನಿಸುವುದಿಲ್ಲ. ಪ್ರವಾಸ, ಕ್ರೀಡಾಕೂಟ, ಶಿಬಿರ ಇವು ಪಾಠದ ನಡುವಿನ ಬಿಡುವಲ್ಲ, ಅವೂ ಪಾಠವೇ ಎಂಬುದು ತಡವಾಗಿಯಾದರೂ ತಿಳಿದಿದೆ. ಆದರೆ ಯಾವ ಪಾಠ? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಾಗ ನನ್ನ ಮನಸ್ಸು ನಿಂತದ್ದು ಟೋಕಿಯೋ ನಗರದ ಒಂದು ಪುಟ್ಟ ಪ್ರಾಥಮಿಕ ಶಾಲೆಯ ಬಳಿ. ಅದು ಬದುಕಿದ್ದದ್ದು 1937ರಿಂದ 1945ರವರೆಗೆ, ಕೇವಲ ಎಂಟು ವರ್ಷ.

ಆ ಶಾಲೆಯ ಹೆಸರು ತೊಮೋಯೆ. ತೆತ್ಸುಕೋ ಕುರೊಯಾನಗಿ ಎಂಬ ಜಪಾನಿ ನಟಿ 1981ರಲ್ಲಿ ಪ್ರಕಟಿಸಿದ 'ತೊತ್ತೋಚಾನ್' ಎಂಬ ಬಾಲ್ಯಸ್ಮರಣೆಯಿಂದ ಅದು ಲೋಕಕ್ಕೆಲ್ಲ ಪರಿಚಿತವಾಯಿತು. ನ್ಯಾಷನಲ್ ಬುಕ್ ಟ್ರಸ್ಟ್ ಈ ಕೃತಿಯನ್ನು ಕನ್ನಡದಲ್ಲಿಯೂ ಹೊರತಂದಿದ್ದರಿಂದ ನಮ್ಮ ಶಿಕ್ಷಕರಲ್ಲಿ ಅನೇಕರು ಅದನ್ನು ಓದಿದ್ದಾರೆ. ಓದಿದವರೆಲ್ಲ ಆ ಶಾಲೆಯ ಸಂತೋಷವನ್ನು ಮೆಚ್ಚಿಕೊಳ್ಳುತ್ತಾರೆ. ಆದರೆ ಆ ಸಂತೋಷದ ಸುತ್ತ ಏನು ನಡೆದಿತ್ತೆಂಬುದನ್ನು ಅರಿಯದೆ ಅದರ ಬೆಲೆ ಪೂರ್ತಿಯಾಗಿ ತಿಳಿಯಲಾರದು. ಇಂದಿನ ಬರಹದ ಉದ್ದೇಶ ಅದೇ.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ಜಪಾನು ಆಧುನಿಕ ಶಾಲಾ ವ್ಯವಸ್ಥೆಯನ್ನು ರೂಪಿಸಿಕೊಂಡದ್ದು 1872ರ ಶಿಕ್ಷಣ ಶಾಸನದಿಂದ. ಇಂದು ಅಲ್ಲಿನ ಪ್ರತಿ ಶಾಲೆಯೂ ಹಬ್ಬದಂತೆ ಆಚರಿಸುವ ಕ್ರೀಡಾದಿನದ ಮೂಲವನ್ನು 1874ರಲ್ಲಿ ಟೋಕಿಯೋದ ನೌಕಾ ಶಾಲೆಯಲ್ಲಿ ನಡೆದ ಪಂದ್ಯಗಳಲ್ಲಿ ಕಾಣುತ್ತಾರೆ. 1885ರಲ್ಲಿ ಶಿಕ್ಷಣ ಮಂತ್ರಿಯಾದ ಮೋರಿ ಅರಿನೋರಿ ಶಾಲೆಗಳಲ್ಲಿ ಸೈನಿಕ ಶೈಲಿಯ ಕವಾಯತನ್ನು ಬಳಕೆಗೆ ತಂದರು. ಶಾಲಾ ಪ್ರವಾಸದ ಆರಂಭವೂ ಇದೇ ಬಗೆಯದು. 1886ರಲ್ಲಿ ಟೋಕಿಯೋದ ಶಿಕ್ಷಕರ ತರಬೇತಿ ಶಾಲೆಯ ವಿದ್ಯಾರ್ಥಿಗಳು ಸೈನಿಕರಂತೆ ಸಜ್ಜಾಗಿ ಚಿಬಾ ಪ್ರಾಂತದ ಕಡೆಗೆ ಹನ್ನೊಂದು ದಿನಗಳ ದೂರ ನಡಿಗೆ ಕೈಗೊಂಡರು. ಅದೇ ಮುಂದೆ ಶಾಲಾ ಪ್ರವಾಸಗಳಿಗೆ ಮಾದರಿಯಾಯಿತು ಎನ್ನುತ್ತಾರೆ. ನಾವು ಮಕ್ಕಳ ಮೋಜೆಂದು ಭಾವಿಸುವ ಓಟ ಮತ್ತು ಪ್ರವಾಸಗಳ ಬೇರಿನಲ್ಲಿ ಬೂಟುಗಾಲಿನ ಸಪ್ಪಳವೂ ಇತ್ತು. ನಮ್ಮ ಶಾಲೆಗಳ 'ಸಾವಧಾನ್', 'ವಿಶ್ರಾಮ್' ಆಜ್ಞೆಗಳನ್ನು ನೆನಪಿಸಿಕೊಂಡರೆ ಇದು ನಮಗೆ ಅಪರಿಚಿತವೇನೂ ಅಲ್ಲ.

ಇಂಥ ನಾಡಿನಲ್ಲಿ 1893ರಲ್ಲಿ ಜನಿಸಿದವರು ಸೋಸಾಕು ಕೋಬಾಯಾಶಿ. ವೃತ್ತಿಯಿಂದ ಸಂಗೀತದ ಮೇಷ್ಟ್ರು. ಎರಡು ಬಾರಿ ಯೂರೋಪಿಗೆ ಹೋಗಿ ಅಲ್ಲಿನ ಶಿಕ್ಷಣ ಕ್ರಮಗಳನ್ನು ನೋಡಿಬಂದರು. ಸ್ವಿಸ್ ಸಂಗೀತಜ್ಞ ಎಮಿಲ್ ಜಾಕ್ ದಾಲ್‌ಕ್ರೋಜ್ ರೂಪಿಸಿದ, ಸಂಗೀತದ ಲಯವನ್ನು ದೇಹದ ಚಲನೆಯ ಮೂಲಕ ಕಲಿಸುವ ಪದ್ಧತಿಯನ್ನು ಪ್ಯಾರಿಸ್ಸಿನಲ್ಲಿ ಅಭ್ಯಾಸ ಮಾಡಿದರು. 1937ರಲ್ಲಿ ಟೋಕಿಯೋದ ಜಿಯುಗಾಓಕಾ ಎಂಬಲ್ಲಿ ತಮ್ಮ ಶಾಲೆಯನ್ನು ತೆರೆದರು. ಹಳೆಯ ರೈಲು ಡಬ್ಬಿಗಳೇ ತರಗತಿಗಳು. ಇಡೀ ಶಾಲೆಗೆ ಸುಮಾರು ಐವತ್ತು ಮಕ್ಕಳು. ಅಲ್ಪವಿರಾಮದ ಆಕಾರದ ಕಪ್ಪು ಮತ್ತು ಬಿಳಿ ರೂಪಗಳೆರಡು ಕೂಡಿ ಒಂದು ವೃತ್ತವಾಗುವ ಪ್ರಾಚೀನ ಚಿಹ್ನೆಯನ್ನು ಶಾಲೆಗೆ ಆರಿಸಿಕೊಂಡರು. ದೇಹ ಮತ್ತು ಮನಸ್ಸು ಸಮನಾಗಿ ಬೆಳೆಯಬೇಕೆಂಬುದು ಅದರ ಭಾವ.

ಅಲ್ಲಿನ ಮಕ್ಕಳು ಶಾಲೆಯಲ್ಲಿ ಕಳೆದ ಒಂದು ರಾತ್ರಿಯ ಪ್ರಸಂಗ ಹೀಗಿದೆ. ಶಾಲೆಗೆ ಇನ್ನೊಂದು ರೈಲು ಡಬ್ಬಿ ಬರಲಿದೆ, ಅದು ಗ್ರಂಥಾಲಯವಾಗಲಿದೆ ಎಂಬ ಸುದ್ದಿ ಹಬ್ಬಿತು. ಹಳಿಯೇ ಇಲ್ಲದ ಶಾಲೆಯೊಳಕ್ಕೆ ಡಬ್ಬಿ ಬರುವುದಾದರೂ ಹೇಗೆ? ಬರುವುದೂ ಎಲ್ಲರೂ ಮಲಗಿದ ಮೇಲೆ. ನೋಡಲೇಬೇಕೆಂದು ಮಕ್ಕಳು ಹಟ ಹಿಡಿದರು. ಹೆಡ್‌ಮಾಸ್ತರರು ಗದರಲಿಲ್ಲ, ಮನೆಯಲ್ಲಿ ಒಪ್ಪಿಗೆ ಪಡೆದು, ಹೊದಿಕೆ ತೆಗೆದುಕೊಂಡು ಬನ್ನಿ ಎಂದರು. ರಾತ್ರಿ ಸಭಾಂಗಣದಲ್ಲಿ ಮಲಗಿದ್ದ ಮಕ್ಕಳನ್ನು ಬೆಳಗಿನ ಜಾವ ಎಬ್ಬಿಸಿದರು. ಮಂಜಿನ ನಡುವೆ ಟ್ರ್ಯಾಕ್ಟರ್ ಎಳೆದು ತಂದ ಡಬ್ಬಿಯನ್ನು ಉರುಳುವ ಮರದ ದಿಮ್ಮಿಗಳ ಮೇಲೆ ಸರಿಸುವುದನ್ನು ಮಕ್ಕಳು ಕಣ್ಣಾರೆ ಕಂಡರು. ಭಾರವಾದ ವಸ್ತುವನ್ನು ಸರಿಸುವ ವಿದ್ಯೆಯನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ವಿಜ್ಞಾನದ ಪಾಠ ನನಗಂತೂ ತಿಳಿಯದು.

ಬೇಸಿಗೆಯ ರಜೆ ಆರಂಭವಾದಾಗ ಶಿಬಿರ. ಡೇರೆ ಹಾಕಿ ಮಲಗುವುದೆಂದರೆ ಕಾಡಿಗೋ ಬೆಟ್ಟಕ್ಕೋ ಹೋಗಬೇಕೆಂದು ನಾವು ತಿಳಿಯುತ್ತೇವೆ. ಕೋಬಾಯಾಶಿಯವರು ಡೇರೆಗಳನ್ನು ಶಾಲೆಯ ಸಭಾಂಗಣದೊಳಗೇ ಕಟ್ಟಿಸಿದರು! ಮಳೆಯ ಭಯವಿಲ್ಲ, ಚಳಿಯ ಭಯವಿಲ್ಲ, ಒಂದನೆಯ ತರಗತಿಯ ಮಗುವಿನ ತಾಯಿಗೂ ನಿಶ್ಚಿಂತೆ. ಹಗ್ಗ ಬಿಗಿಯುವುದನ್ನು ಮಕ್ಕಳಿಗೆ ತೋರಿಸಿಕೊಟ್ಟರು. ಕತ್ತಲಾದ ಮೇಲೆ ಎಲ್ಲರನ್ನೂ ಸುತ್ತ ಕೂರಿಸಿಕೊಂಡು ತಾವು ಕಂಡ ದೂರದೇಶಗಳ ಕಥೆ ಹೇಳಿದರು. ಚಂದ್ರನಿಲ್ಲ, ನಕ್ಷತ್ರಗಳಿಲ್ಲ, ಆದರೂ ಮಕ್ಕಳ ಪಾಲಿಗೆ ಅದು ನಿಜವಾದ ಶಿಬಿರವೇ ಆಗಿತ್ತು.

ಸಮೀಪದ ಕುಹೋನ್‌ಬುತ್ಸು ದೇಗುಲದ ಆವರಣದಲ್ಲಿ ಧೈರ್ಯ ಪರೀಕ್ಷೆಯೊಂದು ನಡೆಯಿತು. ದೆವ್ವಗಳ ವೇಷದಲ್ಲಿ ಅಡಗಿದ್ದ ಹುಡುಗರು ಹೆದರಿಸಲು ಬರುವವರನ್ನು ಕಾದು ಕಾದು, ಸೊಳ್ಳೆ ಕಡಿತ ತಾಳಲಾರದೆ, ಕತ್ತಲೆಗೆ ತಾವೇ ಹೆದರಿ, ಅಳುತ್ತ ಹೊರಗೆ ಬಂದರಂತೆ. ದೆವ್ವಗಳಿಗೂ ಭಯವಾಗುತ್ತದೆ ಎಂದು ಮಕ್ಕಳಿಗೆ ಗೊತ್ತಾಯಿತು. ಇನ್ನೊಮ್ಮೆ ಇಜು ಪರ್ಯಾಯದ್ವೀಪದ ತೊಯಿ ಎಂಬ ಊರಿಗೆ ಕಡಲ ದಾರಿಯಲ್ಲಿ ಹೋಗಿ, ಬಿಸಿನೀರಿನ ಬುಗ್ಗೆಯಲ್ಲಿ ಮಿಂದು, ಒಟ್ಟಿಗೆ ಅಡುಗೆ ಮಾಡಿ ಉಂಡು ಬಂದರು.

ಇನ್ನು ಕ್ರೀಡಾದಿನ. ಮಳೆ ಬೀಳುವ ಸಂಭವ ತೀರ ಕಡಿಮೆಯೆಂದು ಲೆಕ್ಕ ಹಾಕಿ, ನವೆಂಬರ್ 3ನ್ನೇ ಹೆಡ್‌ಮಾಸ್ತರರು ಗೊತ್ತುಮಾಡಿದ್ದರು. ಆ ಶಾಲೆಯಲ್ಲಿ ಪೋಲಿಯೋ ಆಗಿದ್ದ ಮಗುವಿತ್ತು. ಬೆಳವಣಿಗೆ ನಿಂತುಹೋಗಿ ಕೈಕಾಲು ಗಿಡ್ಡವಾಗಿದ್ದ ಹುಡುಗನೊಬ್ಬನೂ ಇದ್ದ. ಸ್ಪರ್ಧೆಗಳು ಎಲ್ಲಿಯೂ ಇಲ್ಲದಂಥವು. ಬಟ್ಟೆಯಿಂದ ಮಾಡಿದ ದೊಡ್ಡ ಮೀನಿನ ಬಾಯೊಳಗೆ ಹೊಕ್ಕು ಬಾಲದಿಂದ ಹೊರಬರುವುದು ಒಂದು; ಸಭಾಂಗಣದ ತಗ್ಗು ಮೆಟ್ಟಿಲುಗಳನ್ನು ಒಂದೊಂದಾಗಿ, ಯಾವುದನ್ನೂ ಹಾರದೆ, ಓಡಿ ಹತ್ತುವುದು ಇನ್ನೊಂದು. ಉದ್ದ ಕಾಲಿನವರು ಇಲ್ಲಿ ತಡವರಿಸಿದರು. ಗಿಡ್ಡ ಕಾಲಿನ ಆ ಹುಡುಗ ಎಲ್ಲ ಸ್ಪರ್ಧೆಗಳಲ್ಲಿಯೂ ಮೊದಲಿಗನಾದ.

ಅದು ಆಕಸ್ಮಿಕವಾಗಿರಲಿಲ್ಲ ಎಂದು ಲೇಖಕಿ ಬಹಳ ವರ್ಷಗಳ ನಂತರ ಗ್ರಹಿಸಿದರು. ಆ ಹುಡುಗನನ್ನು ಮನಸ್ಸಿನಲ್ಲಿಟ್ಟುಕೊಂಡೇ ಹೆಡ್‌ಮಾಸ್ತರರು ಸ್ಪರ್ಧೆಗಳನ್ನು ಕಲ್ಪಿಸಿದ್ದರು. ಬಹುಮಾನವಾಗಿ ಕೊಟ್ಟದ್ದು ಮೂಲಂಗಿ, ಸೊಪ್ಪು ಮುಂತಾದ ತರಕಾರಿಗಳನ್ನು. ಮಕ್ಕಳು ನಾಚಿಕೊಂಡಾಗ, ಸ್ವಂತ ದುಡಿಮೆಯಿಂದ ಗಳಿಸಿದ್ದನ್ನು ಮನೆಯವರೆಲ್ಲ ಸೇರಿ ಉಣ್ಣುವುದರಲ್ಲಿ ಹೆಮ್ಮೆಯಿದೆ ಎಂದು ಸಮಾಧಾನ ಹೇಳಿ ಕಳುಹಿಸಿದರು.

ಈ ಅಧ್ಯಾಯವನ್ನು ಓದಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಅದಕ್ಕೆ ಕಾರಣವನ್ನು ಇಲ್ಲಿ ಹೇಳಿಬಿಡುತ್ತೇನೆ.

1979ರಲ್ಲಿ ನಾನಿದ್ದ ಹಳ್ಳಿಯ ಶಾಲೆಯ ಕ್ರೀಡಾಕೂಟಕ್ಕೆ ನಾನೇ ಮೇಲ್ವಿಚಾರಕ. ಐದನೆಯ ತರಗತಿಯಲ್ಲಿ ಪೋಲಿಯೋದಿಂದ ಒಂದು ಕಾಲು ಸೊರಗಿದ ಹುಡುಗನಿದ್ದ. ಓಟ, ಕೊಕ್ಕೋ, ಉದ್ದಜಿಗಿತ, ಚಮಚ-ನಿಂಬೆಹಣ್ಣು ಎಂದು ಪಟ್ಟಿ ತಯಾರಿಸಿದೆ. ಎಲ್ಲಿಯೂ ಅವನ ಹೆಸರು ಸೇರಲಿಲ್ಲ. ಅವನಿಗೆ ಬೇಸರವಾಗಬಾರದೆಂದು ಓಡುವವರ ಅಂಗಿ ಚಪ್ಪಲಿಗಳನ್ನು ಕಾಯುವ ಕೆಲಸ ಕೊಟ್ಟೆ. ಅದನ್ನು ಕರುಣೆ ಎಂದೇ ತಿಳಿದಿದ್ದೆ. ಸಂಜೆ ನೋಡಿದರೆ ಅಷ್ಟೂ ಚಪ್ಪಲಿಗಳನ್ನು ಜೋಡಿ ಜೋಡಿಯಾಗಿ, ಸಾಲು ತಪ್ಪದಂತೆ ಇಟ್ಟಿದ್ದ. ಬಹುಮಾನ ವಿತರಣೆಯಲ್ಲಿ ಅವನನ್ನೂ ಕರೆದು 'ಉತ್ತಮ ಸೇವೆ'ಗಾಗಿ ಒಂದು ಪೆನ್ಸಿಲ್ ಕೊಡಿಸಿದೆ. ಜನ ಚಪ್ಪಾಳೆ ತಟ್ಟಿದರು. ಮರುವರ್ಷ ಕ್ರೀಡಾಕೂಟದ ದಿನ ಅವನು ಶಾಲೆಗೆ ಬರಲಿಲ್ಲ. ಜ್ವರವಿರಬೇಕೆಂದುಕೊಂಡು ನಾನು ವಿಚಾರಿಸಲೂ ಹೋಗಲಿಲ್ಲ. ಟೋಕಿಯೋದ ಆ ಮೇಷ್ಟ್ರು ಮೆಟ್ಟಿಲ ಓಟವನ್ನು ಕಲ್ಪಿಸಿ ಆಗಲೇ ಸುಮಾರು ನಲವತ್ತು ವರ್ಷಗಳಾಗಿದ್ದವು. ನನಗೆ ಹೊಳೆದದ್ದು ಚಪ್ಪಲಿ ಕಾಯುವ ಕೆಲಸ.

ಮತ್ತೆ ಇತಿಹಾಸಕ್ಕೆ ಬರೋಣ. ತೊಮೋಯೆಯ ಮಕ್ಕಳು ಡೇರೆಯೊಳಗೆ ಕಥೆ ಕೇಳುತ್ತಿದ್ದಾಗ ಜಪಾನು ಚೀನಾದೊಡನೆ ಯುದ್ಧದಲ್ಲಿ ತೊಡಗಿತ್ತು. 1941ರ ಏಪ್ರಿಲ್‌ನಲ್ಲಿ ಪ್ರಾಥಮಿಕ ಶಾಲೆಗಳನ್ನು 'ರಾಷ್ಟ್ರೀಯ ಶಾಲೆ'ಗಳೆಂದು ಮಾರ್ಪಡಿಸಿ, ಸಾಮ್ರಾಜ್ಯಕ್ಕೆ ನಿಷ್ಠರಾದ ಪ್ರಜೆಗಳನ್ನು ರೂಪಿಸುವುದೇ ಶಿಕ್ಷಣದ ಗುರಿಯೆಂದು ಸಾರಲಾಯಿತು. ಆ ವರ್ಷದ ಡಿಸೆಂಬರ್‌ನಲ್ಲಿ ಅಮೆರಿಕದೊಡನೆಯೂ ಯುದ್ಧ ಆರಂಭವಾಯಿತು. ಇಂಥ ಕಾಲದಲ್ಲಿ ತೊಮೋಯೆಯಂಥ ಶಾಲೆ ಉಳಿದದ್ದಕ್ಕೆ ಕೋಬಾಯಾಶಿಯವರಿಗೆ ಪ್ರಚಾರದ ಬಗೆಗಿದ್ದ ಜುಗುಪ್ಸೆಯೂ ಒಂದು ಕಾರಣವೆನ್ನುತ್ತಾರೆ ಲೇಖಕಿ. ಶಾಲೆಯ ಛಾಯಾಚಿತ್ರ ತೆಗೆಯಲು ಸಹ ಅವರು ಬಿಡುತ್ತಿರಲಿಲ್ಲ.

1944ರಲ್ಲಿ ಜಪಾನಿನ ಮಕ್ಕಳು ಇನ್ನೊಂದು ಬಗೆಯ ಶಿಬಿರವನ್ನು ಕಂಡರು. ವಿಮಾನದಾಳಿಯ ಭಯದಿಂದ ಸರ್ಕಾರ ಜೂನ್ ತಿಂಗಳಲ್ಲಿ ನಿರ್ಣಯ ಕೈಗೊಂಡು, ಟೋಕಿಯೋ, ಒಸಾಕಾ ಮುಂತಾದ ನಗರಗಳ ಮಕ್ಕಳನ್ನು ಹಳ್ಳಿಗಳಿಗೆ ಸಾಗಿಸತೊಡಗಿತು. ಬಂಧುಗಳ ಆಸರೆ ಇಲ್ಲದ, ಮೂರರಿಂದ ಆರನೆಯ ತರಗತಿಯ ಮಕ್ಕಳನ್ನು ಶಿಕ್ಷಕರೊಡನೆ ಗುಂಪುಗುಂಪಾಗಿ ಕಳುಹಿಸಿದರು. ಹೀಗೆ ಹೋದವರು ಸುಮಾರು ನಾಲ್ಕು ಲಕ್ಷ ಮಕ್ಕಳು. ದೇಗುಲಗಳಲ್ಲಿ, ಛತ್ರಗಳಲ್ಲಿ ಸಾಲಾಗಿ ಮಲಗಿದರು. ಪ್ರವಾಸಕ್ಕೆಂದು ಹಿಗ್ಗಿನಿಂದ ಹೊರಟ ಎಳೆಯರಿಗೆ ಕೆಲವೇ ದಿನಗಳಲ್ಲಿ ಹಸಿವು, ಹೇನು, ತಾಯಿಯ ನೆನಪು ಕಾಡತೊಡಗಿದವು. ಆ ವರ್ಷ ಆಗಸ್ಟ್ 22ರಂದು ಒಕಿನಾವಾದಿಂದ ಮಕ್ಕಳನ್ನು ಸಾಗಿಸುತ್ತಿದ್ದ ತ್ಸುಶಿಮಾ ಮಾರು ಎಂಬ ಹಡಗು ಅಮೆರಿಕದ ಜಲಾಂತರ್ಗಾಮಿಯ ದಾಳಿಗೆ ಸಿಕ್ಕಿ ಮುಳುಗಿ, ಏಳುನೂರಕ್ಕೂ ಮಿಕ್ಕಿ ಶಾಲಾಮಕ್ಕಳು ಪ್ರಾಣ ಕಳೆದುಕೊಂಡರು. 1945ರ ಮಾರ್ಚ್ 9ರ ರಾತ್ರಿ ಆರಂಭವಾಗಿ ಮರುದಿನ ಬೆಳಗಿನವರೆಗೆ ನಡೆದ ಟೋಕಿಯೋ ದಾಳಿಯಲ್ಲಿ ಸತ್ತವರು ಸುಮಾರು ಒಂದು ಲಕ್ಷ ಜನ. ಪ್ರಾಥಮಿಕ ಶಾಲೆ ಮುಗಿಸುವ ಸಮಾರಂಭಕ್ಕೆಂದು ಹಳ್ಳಿಯಿಂದ ಆಗಷ್ಟೇ ಮನೆಗೆ ಮರಳಿದ್ದ ಆರನೆಯ ತರಗತಿಯ ಮಕ್ಕಳೂ ಅವರಲ್ಲಿದ್ದರು.

ಅದೇ ವರ್ಷ ಬಾಂಬುಗಳು ತೊಮೋಯೆಯ ಮೇಲೂ ಬಿದ್ದವು. ರೈಲು ಡಬ್ಬಿಗಳು ಉರಿದುಹೋದವು. ಡೇರೆ ಕಟ್ಟಿದ್ದ ಸಭಾಂಗಣವೂ ಬೂದಿಯಾಯಿತು. ರೈಲು ಡಬ್ಬಿಯಲ್ಲಿ ಅಕ್ಷರ ಕಲಿತ ಹುಡುಗಿ ಕಿಕ್ಕಿರಿದ ನಿಜವಾದ ರೈಲಿನಲ್ಲಿ ಉತ್ತರದ ಕಡೆಗೆ ವಲಸೆ ಹೊರಟಳು. ರಸ್ತೆಯಲ್ಲಿ ನಿಂತು ಬೆಂಕಿಯನ್ನೇ ನೋಡುತ್ತಿದ್ದ ಕೋಬಾಯಾಶಿಯವರು ಪಕ್ಕದಲ್ಲಿದ್ದ ಮಗನೊಡನೆ, ಮುಂದಿನ ಶಾಲೆಯನ್ನು ಯಾವ ರೀತಿ ಕಟ್ಟೋಣ ಎಂದು ವಿಚಾರಿಸಿದರಂತೆ. ಯುದ್ಧ ಮುಗಿದ ಮೇಲೆ ಅದೇ ಸ್ಥಳದಲ್ಲಿ ಶಿಶುವಿಹಾರ ನಡೆಸಿದರು, ಸಂಗೀತ ಕಾಲೇಜಿನಲ್ಲಿ ಶಿಶುಶಿಕ್ಷಣ ವಿಭಾಗ ಕಟ್ಟಲು ನೆರವಾದರು. ಮತ್ತೊಂದು ಪ್ರಾಥಮಿಕ ಶಾಲೆ ಕಟ್ಟುವ ಆಸೆ ಮಾತ್ರ ಕೈಗೂಡಲಿಲ್ಲ. 1963ರಲ್ಲಿ ತೀರಿಕೊಂಡರು.

ಈ ಎರಡು ಚಿತ್ರಗಳನ್ನು ನಾನು ಆಗಾಗ್ಗೆ ಅಕ್ಕಪಕ್ಕದಲ್ಲಿಟ್ಟು ನೋಡುತ್ತೇನೆ. ಅದೇ ದೇಶ, ಹೆಚ್ಚುಕಡಿಮೆ ಅದೇ ವರ್ಷಗಳು. ಮನೆ ಬಿಟ್ಟು ಶಿಕ್ಷಕರ ಜೊತೆ ಸಾಲಾಗಿ ಮಲಗಿದ ಮಕ್ಕಳು ಅಲ್ಲಿಯೂ ಇದ್ದರು, ಇಲ್ಲಿಯೂ ಇದ್ದರು. ಹಳ್ಳಿಯ ದೇಗುಲಗಳಿಗೆ ಹೋದವರು ಪ್ರಾಣ ಉಳಿಸಿಕೊಳ್ಳಲು ಹೋದವರು. ಅವರ ಶಿಕ್ಷಕರನ್ನು ನಾನು ದೂರಲಾರೆ. ಆದರೆ ಅವರನ್ನು ಅಲ್ಲಿಗೆ ತಲುಪಿಸಿದ ಯುದ್ಧಕ್ಕೆ ಮನಸ್ಸುಗಳನ್ನು ಅಣಿಗೊಳಿಸಿದ್ದರಲ್ಲಿ, ಮಗುವನ್ನು ಸಾಲಿನಲ್ಲಿ ನಿಲ್ಲಿಸಿ ಹೆಜ್ಜೆ ಹಾಕಿಸುತ್ತ ಬಂದ ಶಾಲೆಗಳ ಪಾಲೂ ಇತ್ತು. ಕೋಬಾಯಾಶಿಯವರ ಶಾಲೆಯಲ್ಲಿ ಸಾಲಿನ ಕೊನೆಯಲ್ಲಿದ್ದ ಮಗುವಿನಿಂದಲೇ ಲೆಕ್ಕ ಆರಂಭವಾಗುತ್ತಿತ್ತು.

ನನ್ನ ಸೇವೆಯ ಕೊನೆಯ ವರ್ಷಗಳಲ್ಲಿ, ಮೇಲಧಿಕಾರಿಗಳ ಒಪ್ಪಿಗೆ ಪಡೆದು, ನಾಲ್ಕು ಮತ್ತು ಐದನೆಯ ತರಗತಿಯ ಮಕ್ಕಳನ್ನು ಒಂದು ರಾತ್ರಿ ಶಾಲೆಯಲ್ಲಿಯೇ ಉಳಿಸಿಕೊಂಡೆವು. ಡೇರೆಗಳಿರಲಿಲ್ಲ, ತಾಯಂದಿರ ಹಳೆಯ ಸೀರೆಗಳನ್ನು ಬೆಂಚುಗಳ ಮೇಲೆ ಹರಡಿ ಗುಡಾರ ಮಾಡಿಕೊಂಡರು. ಮನೆಗಳಿಂದ ರೊಟ್ಟಿ, ಚಟ್ನಿಪುಡಿ ಬಂತು. ಹತ್ತು ಗಂಟೆಗೆ ಕರೆಂಟು ಹೋಯಿತು, ಮಳೆ ಸುರಿಯಿತು, ಇಬ್ಬರು ಅತ್ತರು, ಒಬ್ಬನ ತಂದೆಯನ್ನು ಕರೆಸಬೇಕಾಯಿತು. ಆ ತಂದೆಯೂ ಕಥೆ ಕೇಳುತ್ತ ಅಲ್ಲಿಯೇ ಮಲಗಿದರು. ಆ ಮಕ್ಕಳು ಈಗ ಎಲ್ಲೆಲ್ಲಿಯೋ ಇದ್ದಾರೆ. ಸಿಕ್ಕಾಗ ಆ ರಾತ್ರಿಯ ಮಾತೇ ಮೊದಲು.

ಚಪ್ಪಲಿಗಳನ್ನು ಜೋಡಿಸಿಟ್ಟಿದ್ದ ಹುಡುಗ ಮಾತ್ರ ಮತ್ತೆ ನನಗೆ ಸಿಕ್ಕಿಲ್ಲ. ಸಿಕ್ಕರೆ ಹೇಳಬೇಕಾದ ಮಾತೊಂದು ಬಾಕಿಯಿದೆ. ಈ ಬರಹ ಓದುವ ಕಿರಿಯ ಶಿಕ್ಷಕ ಮಿತ್ರರಲ್ಲಿ ನನ್ನ ಕೋರಿಕೆ ಒಂದೇ. ಈ ವರ್ಷದ ಕ್ರೀಡಾಕೂಟದ ಪಟ್ಟಿ ಬರೆಯಲು ಕುಳಿತಾಗ, ಯಾವ ಸ್ಪರ್ಧೆಗೆ ಯಾರು ಎಂದು ಆರಂಭಿಸಬೇಡಿ. ಓಡಲಾರದ ಮಗುವಿನ ಹೆಸರನ್ನು ಮೊದಲು ಬರೆದುಕೊಂಡು, ಅದು ಗೆಲ್ಲಬಲ್ಲ ಆಟ ಯಾವುದೆಂದು ಆಮೇಲೆ ಯೋಚಿಸಿ.