ಶಿಕ್ಷಕರ ಬ್ಲಾಗ್

ಪಾಠಕ್ಕೆ ಪೂರಕವಾದ ಬರಹ, ಚಿತ್ರ, ಪ್ರಶ್ನೆಗಳನ್ನು ಶಿಕ್ಷಕರು ಆಗಾಗ ಪ್ರಕಟಿಸುವ, ಓದಿದವರು ಅಲ್ಲೇ ಪ್ರತಿಕ್ರಿಯೆ ಬರೆಯಬಹುದಾದ ಅಂತರಜಾಲ ತಾಣ. 1999ರಲ್ಲಿ ಬ್ಲಾಗರ್, 2003ರಲ್ಲಿ ವರ್ಡ್‌ಪ್ರೆಸ್ ಬಂದ ಮೇಲೆ ಕಂಪ್ಯೂಟರ್ ವಿದ್ಯೆ ಅಷ್ಟಾಗಿ ಗೊತ್ತಿಲ್ಲದವರೂ ಇಂಥ ತಾಣ ನಡೆಸುವಂತಾಯಿತು. ಕನ್ನಡದ ಮಟ್ಟಿಗೆ ನಿಜವಾದ ತಿರುವು ತಂದದ್ದು ಎಲ್ಲ ಯಂತ್ರಗಳಿಗೂ ಸಾಮಾನ್ಯವಾದ ಅಕ್ಷರ ಸಂಕೇತ ವ್ಯವಸ್ಥೆ ಯೂನಿಕೋಡ್. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪಾದ ನೋಟ್ಸು ಆ ಫಾಂಟು ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತದೆ, ಹುಡುಕಿದರೂ ಸಿಗುವುದಿಲ್ಲ. ಆದ್ದರಿಂದ ಪ್ರಕಟಿಸುವ ಮೊದಲು ಅದನ್ನು ಯೂನಿಕೋಡಿಗೆ ಪರಿವರ್ತಿಸಬೇಕು.

ಕರ್ನಾಟಕದಲ್ಲಿ ಶಿಕ್ಷಕರ ಸಾಮೂಹಿಕ ಬರವಣಿಗೆಗೆ ದೊಡ್ಡ ವೇದಿಕೆಯಾದದ್ದು ವಿಕಿ ಮಾದರಿಯ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ತಾಣ. 2010ರ ದಶಕದ ಮೊದಲ ವರ್ಷಗಳಲ್ಲಿ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿ.ಎಸ್.ಇ.ಆರ್.ಟಿ.) ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಇದನ್ನು ರೂಪಿಸಿದವು. ಪ್ರೌಢಶಾಲೆಯ ಶಿಕ್ಷಕರೇ ಪುಟಗಳನ್ನು ಬರೆದರು. ಒಬ್ಬೊಬ್ಬರೇ ನಡೆಸುವ ಬ್ಲಾಗುಗಳಲ್ಲಿ ಸುತ್ತೋಲೆ, ಮಾದರಿ ಪ್ರಶ್ನೆಪತ್ರಿಕೆ, ವರ್ಗಾವಣೆಯ ಸುದ್ದಿಯೇ ಹೆಚ್ಚು. ಓದುಗರೂ ಅದಕ್ಕೇ ಹೆಚ್ಚು ಬರುತ್ತಾರೆ ಎನ್ನಿ. ಪಠ್ಯಪುಸ್ತಕದಲ್ಲಿ ಜಾಗ ಸಿಗದ ಊರಿನ ವಿಷಯ ಬರೆದಾಗಲೇ ಬ್ಲಾಗು ತರಗತಿಗೆ ಹೆಚ್ಚು ಒದಗುತ್ತದೆ.

ಉದಾಹರಣೆಗೆ, ದಾವಣಗೆರೆ ಮತ್ತು ಹರಿಹರದಲ್ಲಿ ಅಂಥ ವಿಷಯಕ್ಕೆ ಬರವಿಲ್ಲ. ಹರಿಹರದ ಹರಿಹರೇಶ್ವರ ದೇವಾಲಯವನ್ನು ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ. ಅಲ್ಲಿನ ಶಾಸನಗಳ ಪಾಠ ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ 11ನೇ ಸಂಪುಟದಲ್ಲಿದೆ. ಆದರೆ ಅದನ್ನು ಹುಡುಕಬೇಕಾದದ್ದು ಚಿತ್ರದುರ್ಗ ಜಿಲ್ಲೆಯ ದಾವಣಗೆರೆ ತಾಲ್ಲೂಕಿನ ಭಾಗದಲ್ಲಿ. ಏಕೆಂದರೆ ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದದ್ದು 1997ರ ಆಗಸ್ಟ್ 15ರಂದು. ಮಕ್ಕಳು ಕಲ್ಲಿನ ಫೋಟೊ ತೆಗೆದು, ಮುದ್ರಿತ ಪಾಠದೊಂದಿಗೆ ಸಾಲು ಸಾಲಾಗಿ ಹೋಲಿಸಿ, ಇಂದಿನ ಕನ್ನಡದಲ್ಲಿ ಅರ್ಥ ಬರೆದರೆ ಇತಿಹಾಸ, ಭಾಷೆ ಎರಡರ ಪಾಠವೂ ಆಗುತ್ತದೆ. ದಾವಣಗೆರೆಯ ಮಂಡಕ್ಕಿ ಭಟ್ಟಿ ವಿಜ್ಞಾನಕ್ಕೆ ಒದಗುತ್ತದೆ: ಕಾದ ಮರಳಿಗೆ ಬಿದ್ದ ಅಕ್ಕಿಯೊಳಗಿನ ತೇವ ಆವಿಯಾಗಿ ಹಿಗ್ಗುವುದರಿಂದಲೇ ಕಾಳು ಅರಳುತ್ತದೆ. ಭಟ್ಟಿಯ ಹೊಗೆ, ಕೆಲಸಗಾರರ ಆರೋಗ್ಯದ ಪ್ರಶ್ನೆಯೂ ಅಲ್ಲೇ ಏಳುತ್ತದೆ. ಅದನ್ನು ಬಿಟ್ಟು ಬರೆದರೆ ಲೇಖನ ಅರ್ಧವೇ. ಹರಿಹರದ ಶಾಲೆಯೊಂದು ಮಳೆಗಾಲದಲ್ಲಿ ತುಂಗಭದ್ರೆಯ ಮಟ್ಟವನ್ನು ದಿನವೂ ದಾಖಲಿಸಿದರೆ ಮುಂದಿನ ವರ್ಷದ ಮಕ್ಕಳಿಗೆ ಹೋಲಿಸಲು ಅಂಕಿಗಳಿರುತ್ತವೆ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಿದ್ದು ಅಷ್ಟರಲ್ಲಿ ಎಲ್ಲೋ ಹೂತುಹೋಗಿರುತ್ತದೆ.

ಪ್ರಬಂಧವನ್ನು ತಿದ್ದಿ ಮತ್ತೆ ಬರೆಯುವ ಅಭ್ಯಾಸಕ್ಕೂ ಬ್ಲಾಗು ಅನುಕೂಲ. ಮೊದಲ ಕರಡಿಗೆ ಸಹಪಾಠಿಗಳು ಪ್ರತಿಕ್ರಿಯಿಸಬಹುದು, ಶಿಕ್ಷಕರು ನೋಡಿದ ನಂತರವೇ ಆ ಪ್ರತಿಕ್ರಿಯೆಗಳು ಪ್ರಕಟವಾಗುವಂತೆ ವ್ಯವಸ್ಥೆ ಮಾಡಿಕೊಳ್ಳಬೇಕು. ಮನೆಯಲ್ಲಿ ಒಂದೇ ಮೊಬೈಲ್ ಇರುವ ಮಕ್ಕಳಿಗಾಗಿ ಅದೇ ಬರಹವನ್ನು ಮುದ್ರಿಸಿ ಶಾಲೆಯ ಭಿತ್ತಿಪತ್ರಿಕೆಗೆ ಅಂಟಿಸಬಹುದು. ಮಕ್ಕಳ ಪೂರ್ಣ ಹೆಸರು, ಮುಖ ಕಾಣುವ ಚಿತ್ರ, ಅಂಕಪಟ್ಟಿಯನ್ನು ಹಾಕದಿರುವುದೇ ಒಳ್ಳೆಯದು. 18 ವರ್ಷದೊಳಗಿನವರ ವೈಯಕ್ತಿಕ ಮಾಹಿತಿಯ ಬಳಕೆಗೆ ಪೋಷಕರ ಸಮ್ಮತಿ ಬೇಕೆನ್ನುವುದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಸಾಮಾನ್ಯ ನಿಯಮ.