ಕಾಫಿ: ಕ್ವಾಥದಿಂದ ಫಾಂಟಕ್ಕೆ

ದ್ರವ್ಯದಿಂದ ಸಾರವನ್ನು ತೆಗೆಯುವುದಕ್ಕೆ ಶಾರ್ಙ್ಗಧರಸಂಹಿತೆಯು ಐದು ಕ್ರಮಗಳನ್ನು ಹೇಳುತ್ತದೆ: ಸ್ವರಸ, ಕಲ್ಕ, ಕ್ವಾಥ, ಹಿಮ, ಫಾಂಟ. ನೀರಿನಲ್ಲಿ ಕುದಿಸಿ ಬತ್ತಿಸಿದುದು ಕ್ವಾಥ. ಚೂರ್ಣದ ಮೇಲೆ ಬಿಸಿನೀರನ್ನೆರೆದು ಸೋಸಿದುದು ಫಾಂಟ. ಕಾಫಿಯು ಕ್ವಾಥವಾಗಿ ಹುಟ್ಟಿ ಫಾಂಟವಾಗಿ ಪರಿಷ್ಕಾರ ಹೊಂದಿತೆಂಬುದು ಅದರ ಚರಿತ್ರೆಯಿಂದ ತಿಳಿಯುವ ವಿಷಯ.

೧೫ನೆಯ ಶತಮಾನದಲ್ಲಿ ಯೆಮೆನ್ ದೇಶದ ಸೂಫಿಗಳು ರಾತ್ರಿಯ ಜಪಕ್ಕೆ ನಿದ್ರೆಯು ಅಡ್ಡಿಯಾಗದಿರಲೆಂದು ಈ ಪಾನೀಯವನ್ನು ಸೇವಿಸುತ್ತಿದ್ದರು. ಬಾಬಾಬುಡನರು ಅಲ್ಲಿಂದ ಏಳು ಬೀಜಗಳನ್ನು ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದರೆಂಬ ಐತಿಹ್ಯವುಂಟು. ತುರ್ಕರ ಮೂಲಕ ಐರೋಪ್ಯರಿಗೆ ದೊರೆತ ಕ್ರಮವಾದರೋ ಪುಡಿಯನ್ನು ನೀರಿನೊಡನೆ ಒಲೆಯ ಮೇಲಿಟ್ಟು ಕಾಯಿಸುವುದೇ ಆಗಿತ್ತು.

೧೮೦೦ರ ಸುಮಾರಿಗೆ ಪ್ಯಾರಿಸ್ಸಿನಲ್ಲಿ ಎರಡಂತಸ್ತಿನ ಸೋಸುವ ಪಾತ್ರೆಯು ಬಳಕೆಗೆ ಬಂದಿತು. ಇದರ ಮರ್ಮವನ್ನು ವಿಚಾರಮಾಡಿದವನು ಕೌಂಟ್ ರಮ್‌ಫರ್ಡ್. ಫಿರಂಗಿಯನ್ನು ಕೊರೆಯುವಾಗ ಹುಟ್ಟುವ ಶಾಖವನ್ನು ಪರೀಕ್ಷಿಸಿ ೧೭೯೮ರಲ್ಲಿ ಪ್ರಬಂಧ ಬರೆದ ವಿಜ್ಞಾನಿಯೇ ಈತನು. ೧೮೧೨ರಲ್ಲಿ ಕಾಫಿಯನ್ನು ಕುರಿತು ಬರೆದ ಪ್ರಬಂಧದಲ್ಲಿ, ಕುದಿಸುವುದರಿಂದ ಪರಿಮಳವು ಹಾರಿಹೋಗುವುದೆಂದು ಎಚ್ಚರಿಸಿದನು. ಮನೆಯೆಲ್ಲ ಘಮಘಮಿಸಿದರೆ ಅಷ್ಟು ಪರಿಮಳವು ಬಟ್ಟಲಿಗೆ ನಷ್ಟವಾದಂತೆಯೇ ಎಂಬುದು ಆತನ ಅಭಿಪ್ರಾಯ. ಇಳಿದ ಕಾಫಿಯು ಆರದಂತೆ ಪಾತ್ರೆಯ ಸುತ್ತಲೂ ಬಿಸಿನೀರಿನ ಕವಚವನ್ನು ಏರ್ಪಡಿಸಿದನು. ಕನ್ನಡನಾಡಿನ ಮನೆಗಳ ಹಿತ್ತಾಳೆಯ ಫಿಲ್ಟರಿನಲ್ಲಿರುವುದೂ ಈ ಸೋಸುವ ತತ್ತ್ವವೇ. ಅದರಲ್ಲಿ ಇಳಿದ ರಸವು ಫಾಂಟವಾಗಿದ್ದರೂ, ಕ್ವಾಥವೆಂಬ ಅರ್ಥದ 'ಡಿಕಾಕ್ಷನ್' ಎಂಬ ಹೆಸರೇ ಅದಕ್ಕೆ ನಿಂತುಹೋದುದು ವಿನೋದಕರ.

ಈಗಿನ ತಜ್ಞರು ನೀರಿನ ಉಷ್ಣಮಾನವು ಸುಮಾರು ೯೨ರಿಂದ ೯೬ ಡಿಗ್ರಿ ಸೆಂಟಿಗ್ರೇಡ್ ಇರಬೇಕೆನ್ನುತ್ತಾರೆ. ಕಡಮೆಯಾದರೆ ರಸವು ತೆಳ್ಳಗಾಗಿ ಹುಳಿ ಮುಂದಾಗುವುದು. ಅತಿಯಾದರೆ ಕಹಿಯು ಮೇಲಾಗುವುದು. ಸಮುದ್ರಮಟ್ಟಕ್ಕಿಂತ ಸುಮಾರು ೯೦೦ ಮೀಟರು ಎತ್ತರದ ಬೆಂಗಳೂರಿನಲ್ಲಿ ನೀರು ೯೭ ಡಿಗ್ರಿಯ ಸಮೀಪದಲ್ಲಿಯೇ ಕುದಿಯುವುದರಿಂದ, ಒಲೆಯಿಂದಿಳಿಸಿ ಕ್ಷಣಕಾಲ ತಡೆದು ಎರೆದರೆ ಸಾಕು. ಸೋಸಿದ ರಸವನ್ನು ಮತ್ತೆ ಕುದಿಸುವುದಾದರೆ ಫಿಲ್ಟರಿನ ಪ್ರಯೋಜನವೇ ಇಲ್ಲವಾಯಿತು. ಬಿಸಿಯನ್ನು ಹಾಲಿನಿಂದ ಕೂಡಿಸುವುದೇ ಯುಕ್ತ.

ಕುಡಿಯುವಾಗಿನ ಬಿಸಿಯ ವಿಚಾರವು ಇದಕ್ಕಿಂತಲೂ ಗುರುತರವಾದುದು. ಲಿಯೋಂ ನಗರದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ೧೯೯೧ರಲ್ಲಿ ಕಾಫಿಯ ಮೇಲೆಯೇ ಸಂಶಯಪಟ್ಟಿತ್ತು. ೨೦೧೬ರಲ್ಲಿ ಆ ದೋಷಾರೋಪವನ್ನು ಕೈಬಿಟ್ಟು, ೬೫ ಡಿಗ್ರಿಗೆ ಮೇಲ್ಪಟ್ಟ ಯಾವ ಪಾನೀಯವಾದರೂ ಅನ್ನನಾಳದ ಕ್ಯಾನ್ಸರಿಗೆ ಕಾರಣವಾಗುವ ಸಂಭವವುಂಟೆಂದು ನಿರ್ಣಯಿಸಿತು. ದೋಷವು ಕಾಫಿಯದಲ್ಲ, ಅತಿಯಾದ ಉಷ್ಣದ್ದು.

ಲೋಟದಿಂದ ಬಟ್ಟಲಿಗೂ ಬಟ್ಟಲಿನಿಂದ ಲೋಟಕ್ಕೂ ಎರಡು ಮೂರು ಬಾರಿ ಎತ್ತಿ ಹೊಯ್ಯುವ ಪದ್ಧತಿಯು ನೊರೆಯ ಸೊಗಸಿಗೆಂದೇ ಅನೇಕರ ಭಾವನೆ. ಬಾಯಿಗೆ ಹಿತವಾಗುವಷ್ಟು ಆರಿಸುವ ಉಪಕಾರವನ್ನೂ ಅದೇ ಮಾಡುತ್ತದೆ. ಸುಡುಸುಡುವ ಕಾಫಿಯನ್ನು ಒಂದೇ ಗುಟುಕಿಗೆ ಇಳಿಸುವುದನ್ನು ಶೌರ್ಯವೆಂದು ಬಗೆಯುವವರು ಈ ಹಳೆಯ ಪದ್ಧತಿಯನ್ನು ಆಶ್ರಯಿಸುವುದು ಶ್ರೇಯಸ್ಕರ.